ಸ್ವಾಗತದ ಮೇಜಿಗೆ ಗುಂಗುರು ಕೂದಲು ಬೇಡವೇ?

ಪ್ರಶ್ನೆ: ನಾನು ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನವಳು, ಆಫ್ರಿಕಾ ಮೂಲದ ಸಿದ್ದಿ ಸಮುದಾಯದವಳು, ವಯಸ್ಸು 24. ಬೆಂಗಳೂರಿನ ಹೋಟೆಲೊಂದರ ಬುಕಿಂಗ್ ವಿಭಾಗದಲ್ಲಿ ಎರಡು ವರ್ಷದಿಂದ ಕೆಲಸದಲ್ಲಿದ್ದೇನೆ. ಸಂಬಳ 19,000 ರೂಪಾಯಿ. ಈಗ ಸ್ವಾಗತದ ಮೇಜಿಗೆ ಬಡ್ತಿ ಸಿಗುವಂತಿದೆ. ಆದರೆ ಮ್ಯಾನೇಜರ್ ‘ಮೊದಲು ಕೂದಲು ಸ್ಟ್ರೈಟನಿಂಗ್ ಮಾಡಿಸಿಕೊಂಡು ಬಾ’ ಎನ್ನುತ್ತಾರೆ. ಕಳೆದ ವರ್ಷ ಒಮ್ಮೆ ಮಾಡಿಸಿದ್ದೆ. ನೆತ್ತಿ ಸುಟ್ಟು ಹುಣ್ಣಾಯಿತು, ಕಿವಿಯ ಹಿಂದೆ ಕೂದಲು ಇನ್ನೂ ಸರಿಯಾಗಿ ಬಂದಿಲ್ಲ. ಒಂದು ಸಲಕ್ಕೆ 6,000 ರೂಪಾಯಿ, ನಾಲ್ಕು ತಿಂಗಳಿಗೆ ಮತ್ತೆ ಬುಡದಿಂದ ಗುಂಗುರು. ದಿನವೂ ಯಾರಾದರೊಬ್ಬರು ‘ಯಾವ ದೇಶ?’ ಎಂದು ಕೇಳುತ್ತಾರೆ, ಕೂದಲು ನೇರವಾದರೆ ಅದಾದರೂ ನಿಲ್ಲಬಹುದೇನೋ ಅನ್ನಿಸುತ್ತದೆ. ಅಮ್ಮ ‘ಕೂದಲು ತಾನೇ, ಮಾಡಿಸಿಕೋ’ ಎನ್ನುತ್ತಾಳೆ. ಅಕ್ಕನ ಒಂಬತ್ತು ವರ್ಷದ ಮಗಳು ‘ಚಿಕ್ಕಮ್ಮ, ನನಗೂ ಮಾಡಿಸು’ ಎಂದು ಹಟ ಹಿಡಿದಿದ್ದಾಳೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರಕ್ಕೆ ಉತ್ತರಿಸಲು ಎರಡು ದಿನ ತಡಮಾಡಿದೆ. ಕಾರಣ ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದೆ ಶಿರಸಿಯಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತ ಸಿದ್ದಿ ಹುಡುಗಿಯನ್ನು ನಾನೂ ಇಂಗ್ಲಿಷಿನಲ್ಲಿ ಮಾತನಾಡಿಸಿದ್ದೆ. ಅವಳು ಎಲೆಯ ಮೇಲಿನ ಅನ್ನ ಕಲಸುತ್ತಲೇ, ‘ನಾನು ಮಂಚಿಕೇರಿಯವಳು ಅಕ್ಕಾ. ಉಪ್ಪಿನಕಾಯಿ ಬೇಕಿತ್ತೇ?’ ಎಂದಳು. ಆ ಉಪ್ಪಿನಕಾಯಿ ಗಂಟಲಲ್ಲಿ ಇಳಿಯಲಿಲ್ಲ. ಆದ್ದರಿಂದ ನಿಮಗೆ ‘ಯಾವ ದೇಶ’ ಎಂದು ಕೇಳುವವರ ಸಾಲಿನಲ್ಲಿ ನಿಂತಿದ್ದವಳೇ ಈ ಉತ್ತರ ಬರೆಯುತ್ತಿದ್ದಾಳೆ ಎಂದು ತಿಳಿದು ಓದಿ.

ಆ ಅನುಭವದಿಂದಲೇ ಹೇಳುತ್ತೇನೆ, ಅಂದು ಆ ಹುಡುಗಿಯ ಕೂದಲು ನೇರವಾಗಿದ್ದರೂ ನಾನು ಇಂಗ್ಲಿಷಿನಲ್ಲೇ ಮಾತನಾಡಿಸುತ್ತಿದ್ದೆ. ನನ್ನ ತಲೆಯಲ್ಲಿ ಕನ್ನಡದವರ ಮುಖ ಇಂಥದ್ದೇ ಎಂಬ ಒಂದು ಅಚ್ಚು ಇತ್ತು. ಆ ಅಚ್ಚು ಒಡೆಯಬೇಕಾದದ್ದು ನನ್ನ ತಲೆಯಲ್ಲಿ, ನಿಮ್ಮ ತಲೆಯ ಮೇಲೆ ರಾಸಾಯನಿಕ ಸುರಿದರೆ ಅದು ಒಡೆಯುವುದಿಲ್ಲ. ಪೂರ್ವ ಆಫ್ರಿಕಾದಿಂದ ನಿಮ್ಮ ಹಿರಿಯರನ್ನು ಗುಲಾಮರನ್ನಾಗಿ ಹಡಗಿನಲ್ಲಿ ತಂದದ್ದು, ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಅವರಲ್ಲಿ ಅನೇಕರು ಘಟ್ಟದ ಕಾಡು ಸೇರಿದ್ದು, ಇವೆಲ್ಲ ನೂರಾರು ವರ್ಷದ ಮಾತು. ಆಟೋದವರಿಗೆಲ್ಲ ಈ ಚರಿತ್ರೆಯ ಪಾಠ ಹೇಳುವ ಹೊಣೆ ನಿಮ್ಮದಲ್ಲ. ‘ಯಲ್ಲಾಪುರ’ ಎಂದು ಹೇಳಿ ಮೊಬೈಲ್ ನೋಡುತ್ತ ಕುಳಿತರೆ ಸಾಕು. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಓಟದ ಪದಕಗಳ ಆಸೆಯಿಂದ ಸಿದ್ದಿ ಮಕ್ಕಳನ್ನು ಹುಡುಕಿಕೊಂಡು ಹಳ್ಳಿಗಳಿಗೆ ಬಂದಿತ್ತು. ಟ್ರ್ಯಾಕಿನ ಮೇಲೆ ಬೇಕಾದ ಮೈಕಟ್ಟು ಸ್ವಾಗತದ ಮೇಜಿನ ಹಿಂದೆ ಬೇಡವಾಗುತ್ತದೆ ನೋಡಿ!

ಇನ್ನು ಕೂದಲಿನ ವಿಷಯ. ನನ್ನ ಅಭಿಪ್ರಾಯ: ಮಾಡಿಸಬೇಡಿ. ನೇರ ಕೂದಲು ನಿಮಗೇ ಇಷ್ಟವಾಗಿದ್ದರೆ ಬೇರೆ ಮಾತು, ಆದರೆ ಇಡೀ ಪತ್ರದಲ್ಲಿ ‘ನನಗೆ ಇಷ್ಟ’ ಎಂಬ ಮಾತು ಒಂದು ಕಡೆಯೂ ಇಲ್ಲ. ಕೂದಲಿನೊಳಗಿನ ಗಂಧಕದ ಬಂಧಗಳು ಗುಂಗುರನ್ನು ಹಿಡಿದಿಡುತ್ತವೆ. ಪಾರ್ಲರಿನ ರಾಸಾಯನಿಕ ಆ ಬಂಧಗಳನ್ನು ಮುರಿಯುತ್ತದೆ. ಬುಡದಲ್ಲಿರುವ ಬೇರಿಗೆ ಇದ್ಯಾವುದೂ ಗೊತ್ತಿಲ್ಲ, ಅದು ತನ್ನ ಪಾಡಿಗೆ ಗುಂಗುರನ್ನೇ ಬೆಳೆಸುತ್ತದೆ. ಹಾಗಾಗಿ ‘ಪರ್ಮನೆಂಟ್’ ಎಂಬ ಬೋರ್ಡಿನ ಕೆಳಗೆ ನಡೆಯುವುದು ಮುಗಿಯದ ಕೆಲಸ. ನೀವೇ ಕೊಟ್ಟ ಲೆಕ್ಕದಲ್ಲಿ ವರ್ಷಕ್ಕೆ 18,000 ರೂಪಾಯಿ, ಅಂದರೆ ಹನ್ನೆರಡರಲ್ಲಿ ಹೆಚ್ಚುಕಡಿಮೆ ಒಂದು ತಿಂಗಳು ನೀವು ದುಡಿಯುವುದು ಪಾರ್ಲರಿಗಾಗಿ. ಬಡ್ತಿಯಿಂದ ಸಂಬಳ ಎಷ್ಟು ಏರುತ್ತದೆ ಎಂದು ನೀವು ಬರೆದಿಲ್ಲ. ಮೊದಲು ಅದನ್ನು ಕೇಳಿಕೊಳ್ಳಿ.

ನೆತ್ತಿಯ ಹುಣ್ಣನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ವರ್ಷವಾದರೂ ಕೂದಲು ಬಾರದ ಜಾಗವಿದ್ದರೆ ಚರ್ಮರೋಗ ತಜ್ಞರೇ ನೋಡಬೇಕು. ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋದರೆ ಹೆಚ್ಚು ಖರ್ಚಿಲ್ಲ. ಸುಟ್ಟ ಚರ್ಮದ ಮೇಲೆ ಮತ್ತೆ ರಾಸಾಯನಿಕ ಬೀಳಬಾರದು. ಅಮೆರಿಕದಲ್ಲಿ 33,000ಕ್ಕೂ ಹೆಚ್ಚು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಸ್ಟ್ರೈಟನಿಂಗ್ ಮಾಡಿಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚು ಕಂಡುಬಂತೆಂದು ಹೇಳಿತು. ರಾಸಾಯನಿಕವೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ, ಒಮ್ಮೆ ಮಾಡಿಸಿದ ನೀವು ನಿದ್ದೆಗೆಡಬೇಕಾಗಿಯೂ ಇಲ್ಲ. ಆದರೆ ನೌಕರಿಯ ಷರತ್ತಾಗಿ ವರ್ಷಗಟ್ಟಲೆ ಇದನ್ನು ತಲೆಗೆ ಹಚ್ಚಿಕೊಳ್ಳಿ ಎನ್ನುವವರು ಇದನ್ನೂ ತಿಳಿದಿರಬೇಕು.

ಮ್ಯಾನೇಜರ್ ಜೊತೆ ಹೇಗೆ ಮಾತನಾಡುವುದು? ಜಗಳದಿಂದ ಶುರು ಮಾಡಬೇಡಿ. ಒಂದು ದಿನ ಕೂದಲನ್ನು ನೆತ್ತಿಗೆ ಅಂಟಿದಂತೆ ಬಿಗಿಯಾಗಿ ಹೆಣೆದು, ಹಿಂದೆ ತುರುಬು ಕಟ್ಟಿ, ಸಮವಸ್ತ್ರದಲ್ಲಿ ಅವರೆದುರು ನಿಂತು, ‘ಇದು ಅಚ್ಚುಕಟ್ಟಾಗಿಲ್ಲವೇ ಸಾರ್?’ ಎಂದು ಕೇಳಿ. ಅಚ್ಚುಕಟ್ಟಾಗಿರಬೇಕು ಎನ್ನುವ ಹಕ್ಕು ಹೋಟೆಲಿಗೆ ಖಂಡಿತ ಇದೆ. ಆಗಲೂ ಬೇಡವೆಂದರೆ, ಕೂದಲು ನೇರವೇ ಇರಬೇಕೆಂಬ ನಿಯಮವನ್ನು ಬರಹದಲ್ಲಿ ಕೊಡಿ ಎಂದು ಮಾನವ ಸಂಪನ್ಮೂಲ ವಿಭಾಗಕ್ಕೆ ಇಮೇಲ್ ಕಳಿಸಿ, ಕಳೆದ ವರ್ಷದ ಹುಣ್ಣಿನ ವಿಷಯವನ್ನೂ ಸೇರಿಸಿ. ಬಾಯಲ್ಲಿ ಸಲೀಸಾಗಿ ಹೇಳಿದ್ದನ್ನು ಕಾಗದದ ಮೇಲೆ ಬರೆಯಬೇಕಾದಾಗ ಅನೇಕರು ಹಿಂಜರಿಯುತ್ತಾರೆ.

ಕಾನೂನಿನ ಬಗ್ಗೆ ಸುಳ್ಳು ಧೈರ್ಯ ಕೊಡಲಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಪ್ಪು ಮಹಿಳೆಯರು ಹೋರಾಡಿ, ಕೂದಲಿನ ಕಾರಣಕ್ಕೆ ನೌಕರಿಯಲ್ಲಿ ತಾರತಮ್ಯ ಮಾಡಬಾರದೆಂಬ ಕಾಯ್ದೆಯನ್ನು 2019ರಲ್ಲಿ ಪಡೆದರು. ನಮ್ಮಲ್ಲಿ ಅಂಥದ್ದಿಲ್ಲ. ಆದರೆ ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದವರು. ನಾಲ್ಕು ಜನರೆದುರು ಯಾರಾದರೂ ಸಮುದಾಯದ ಹೆಸರೆತ್ತಿ ಬೇಕೆಂದೇ ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಈಗಿನ ‘ಮಾಡಿಸಿಕೊಂಡು ಬಾ’ ಎಂಬ ಮಾತು ಅದರಡಿ ನಿಲ್ಲುವುದು ಕಷ್ಟ. ಬಡ್ತಿ ಕೈತಪ್ಪಲೂಬಹುದು. ಹಾಗಾದರೆ ಎರಡು ವರ್ಷದ ಅನುಭವ ಹಿಡಿದು ಬೇರೆ ಹೋಟೆಲಿಗೆ ಅರ್ಜಿ ಹಾಕಿ. ಹೊಸ ಕೆಲಸ ಕೈಗೆ ಬರುವವರೆಗೆ ಇದನ್ನು ಬಿಡಬೇಡಿ.

ಅಮ್ಮನ ಮೇಲೆ ಸಿಟ್ಟಾಗಬೇಡಿ. ಆಕೆ ಹೇಳುತ್ತಿರುವುದು ಅಂದಚಂದದ ಮಾತಲ್ಲ, ಹೊಟ್ಟೆಪಾಡಿನ ಮಾತು. ಮಗಳು ಎದ್ದು ಕಾಣದಿದ್ದರೆ ಪೆಟ್ಟು ಕಡಿಮೆ ಬೀಳುತ್ತದೆ ಎಂಬ ಲೆಕ್ಕ ಆಕೆಯದು. ಲೆಕ್ಕ ತಪ್ಪಿರಬಹುದು, ಭಯ ಸುಳ್ಳಲ್ಲ. ಈ ಸಲ ಊರಿಗೆ ಹೋದಾಗ ಕಿವಿಯ ಹಿಂದಿನ ಜಾಗವನ್ನು ಅಮ್ಮನಿಗೆ ತೋರಿಸಿ. ಅದನ್ನು ಆಕೆಯಿಂದ ಮುಚ್ಚಿಟ್ಟಿದ್ದೀರಿ ಎಂದು ನನ್ನ ಅನುಮಾನ.

ಅಕ್ಕನ ಮಗಳಿಗೆ ಮಾತ್ರ ಖಡಾಖಂಡಿತವಾಗಿ ಬೇಡವೆನ್ನಿ. ಒಂಬತ್ತು ವರ್ಷದ ನೆತ್ತಿಗೆ ಆ ರಾಸಾಯನಿಕ ತಾಕಲೇಬಾರದು. ಬೇಡವೆಂದರೆ ಅವಳು ಅಳುತ್ತಾಳೆ. ಅಳು ನಿಂತ ಮೇಲೆ ಕೊಬ್ಬರಿ ಎಣ್ಣೆ, ಅಗಲ ಹಲ್ಲಿನ ಬಾಚಣಿಗೆ ಹಿಡಿದು ಅಂಗಳದಲ್ಲಿ ಕುಳಿತುಕೊಳ್ಳಿ. ಮ್ಯಾನೇಜರ್‌ಗೆ ತೋರಿಸಬೇಕಾದ ಹೆಣಿಗೆಯನ್ನು ಮೊದಲು ಅವಳ ತಲೆಯ ಮೇಲೆ ಅಭ್ಯಾಸ ಮಾಡಿಕೊಳ್ಳಿ, ಆಮೇಲೆ ನಿಮ್ಮದನ್ನು ಅವಳು ಹೆಣೆಯಲಿ.