ಟೀಚರನ್ನು ಕೇಳಿ: ಅಡಿಕೆ ಸಾಲಿನ ನಡುವೆ ಡಿಸ್ಕ್

ಪ್ರಶ್ನೆ: ಟೀಚರ್, ನಮಸ್ಕಾರ. ಅಮೆರಿಕದ ಷಾರ್ಲೆಟ್‌ನಲ್ಲಿರುವ ಮಗನ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದೆ. ಭಾನುವಾರ ಬಂದರೆ ಪಾರ್ಕಿಗೆ ಡಿಸ್ಕ್ ಗಾಲ್ಫ್ ಆಡಲು ಕರೆದುಕೊಂಡು ಹೋಗುತ್ತಿದ್ದ. ತಟ್ಟೆಯಂಥ ಡಿಸ್ಕನ್ನು ಎಸೆಯುತ್ತಾ ಹೋಗಿ, ಆದಷ್ಟು ಕಡಿಮೆ ಎಸೆತದಲ್ಲಿ ದೂರದ ಬುಟ್ಟಿಗೆ ಬೀಳಿಸುವ ಆಟ ಅದು. ಪಾರ್ಕ್ ಅಂದರೆ ಕಾಡೇ. ನಾನು ಎಸೆದದ್ದೆಲ್ಲ ಮರಕ್ಕೆ ಬಡಿಯುತ್ತಿತ್ತು, ಇಲ್ಲವೇ ಎಡಕ್ಕೆ ತಿರುಗಿ ಪೊದೆಗೆ ಬೀಳುತ್ತಿತ್ತು. ಬರುವಾಗ ಎರಡು ಡಿಸ್ಕ್ ಕೊಟ್ಟು ಕಳಿಸಿದ್ದಾನೆ. ಒಂದರ ಮೇಲೆ 12, 5, -1, 3 ಎಂದಿದೆ, ಇನ್ನೊಂದರ ಮೇಲೆ 2, 3, 0, 1. ನನಗೆ 58 ವರ್ಷ. ತೋಳಿನಲ್ಲಿ ಬಲ ಸಾಲದೆ ಹೀಗಾಗುತ್ತದೆಯೇ? ಮನೆಯ ಅಡಿಕೆ ತೋಟದಲ್ಲಿ ಅಭ್ಯಾಸ ಮಾಡಬಹುದೇ?
– ಓದುಗರು, ಕಾರ್ಕಳ

ಉತ್ತರ: ನಿಮ್ಮ ಕಾಗದ ಓದಿ ತುಂಬ ಖುಷಿಯಾಯಿತು. ಅದೇ ಊರಿನ ಹಾರ್ನೆಟ್ಸ್ ನೆಸ್ಟ್ ಪಾರ್ಕಿನಲ್ಲಿ ಮಗಳ ಜೊತೆ ನಾನೂ ಆಡಿದ್ದೇನೆ. ಪೈನ್ ಮರಗಳ ಬುಡದಲ್ಲಿ ನಮ್ಮ ಕಡೆಯಂಥದೇ ಕೆಂಪು ಮಣ್ಣು, ಅಲ್ವಾ? ವರ್ಷಗಟ್ಟಲೆ ಮಕ್ಕಳಿಗೆ ಚಕ್ರ ಎಸೆತ ಕಲಿಸಿದವಳು ನಾನು. ಮೊದಲ ಡಿಸ್ಕನ್ನು ಇದ್ದ ಬಲವೆಲ್ಲ ಹಾಕಿ ಎಸೆದೆ. ಎದುರಿನ ಮರಕ್ಕೆ ಬಡಿದು ನನ್ನ ಹಿಂದೆ ಬಂದು ಬಿತ್ತು. ಮಗಳು ಅದನ್ನು ತೆಗೆದಿಟ್ಟು ಬೇರೊಂದು ಕೊಟ್ಟಳು. "ಅರ್ಧ ಬಲ ಸಾಕಮ್ಮ" ಅಂದಳು. ಅದು ಎದೆಯೆತ್ತರದಲ್ಲಿ, ಎರಡು ಪೈನ್ ಮರಗಳ ನಡುವೆ ಸದ್ದಿಲ್ಲದೆ ಹೋಯಿತು. ಆ ಎಸೆತ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ನಿಮ್ಮ ಡಿಸ್ಕ್ ಮೇಲಿನ ಅಂಕಿಗಳಲ್ಲೇ ಉತ್ತರ ಇದೆ. ಮೊದಲನೆಯದು ವೇಗ. ಎರಡನೆಯದು ಎಷ್ಟು ತೇಲುತ್ತದೆ ಎಂಬುದು. ಬಲಗೈಯವರು ಕೈಯನ್ನು ಎಡದಿಂದ ಬಲಕ್ಕೆ ತಂದು ಎಸೆದರೆ, ಹೊರಟಾಗ ಬಲಕ್ಕೆ ವಾಲುವುದು ಮೂರನೆಯದು, ವೇಗ ಇಳಿದಾಗ ಎಡಕ್ಕೆ ವಾಲುವುದು ನಾಲ್ಕನೆಯದು. 12ರ ಡಿಸ್ಕ್ ನೆಟ್ಟಗೆ ಹಾರಬೇಕಾದರೆ ಪಳಗಿದ ಆಟಗಾರರ ಕೈವೇಗ ಬೇಕು. ಹೊಸಬರು ಎಸೆದರೆ ಬೇಗನೆ ಎಡಕ್ಕೆ ತಿರುಗುತ್ತದೆ. ಹಾಗಾಗಿ ಅದನ್ನು ಸದ್ಯಕ್ಕೆ ಕಪಾಟಿನಲ್ಲಿಡಿ. 2 ಎಂದಿರುವುದು ಪಟರ್, ಅಂದರೆ ಹತ್ತಿರದ ಗುರಿಗೆ ನಿಧಾನವಾಗಿ ಎಸೆಯುವ ಡಿಸ್ಕ್. ಕಾಡಿನ ಕೋರ್ಸಿಗೆ, ಅಂದರೆ ಮರಗಳ ನಡುವಿನ ಆಟದ ಜಾಗಕ್ಕೆ, ಅದೇ ನಿಮ್ಮ ಡಿಸ್ಕ್.

ತೋಟದಲ್ಲಿ ಕಳೆ ಕತ್ತರಿಸುವ ಮೆಷಿನ್ ಸ್ಟಾರ್ಟ್ ಮಾಡಲು ಹಗ್ಗ ಎಳೆಯುತ್ತೀರಲ್ಲ, ಡಿಸ್ಕನ್ನೂ ಹಾಗೆಯೇ ಎದೆಯ ಹತ್ತಿರದಿಂದ ನೇರ ಎಳೆದು ಬಿಡಿ. ತೋಳನ್ನು ದೊಡ್ಡದಾಗಿ ಸುತ್ತಿಸಿದರೆ ಯಾವ ಕಡೆ ಕೈಬಿಟ್ಟಿತೆಂದೇ ತಿಳಿಯುವುದಿಲ್ಲ. ಮುಂದಿನ ಅಂಚು ಮೇಲೆದ್ದಿರಬಾರದು. ಎದ್ದರೆ ಡಿಸ್ಕ್ ಮೇಲಕ್ಕೆ ಹೋಗಿ, ಗಾಳಿಯಲ್ಲಿ ನಿಂತು, ಎಡಕ್ಕೆ ಬೀಳುತ್ತದೆ. ಕಣ್ಣು ಮಾತ್ರ ಮರದ ಮೇಲೆ ಬೇಡ, ಎರಡು ಮರಗಳ ನಡುವಿನ ಸಂದಿನ ಮೇಲಿರಲಿ.

ಅಡಿಕೆ ತೋಟ ಇದಕ್ಕೆ ಬಹಳ ಒಳ್ಳೆಯದು. ಸಾಮಾನ್ಯವಾಗಿ 9 ಅಡಿಗೊಂದು ಮರ ಇರುತ್ತದೆ. ಹಾಗಾಗಿ ದೂರವನ್ನು ಮರದ ಲೆಕ್ಕದಲ್ಲೇ ಹಿಡಿಯಿರಿ. ಮೊದಲು ಮೂರು ಮರದಾಚೆ, ಅದು ಹತ್ತಕ್ಕೆ ಎಂಟು ಸಲ ಸರಿಬಂದರೆ ನಾಲ್ಕು. ಗುರಿಗೆ ಬಟ್ಟೆ ಒಗೆಯುವ ಬುಟ್ಟಿ ಇಡಿ, ಅಡಿಕೆ ಮರವನ್ನೇ ಗುರಿ ಮಾಡಬೇಡಿ. 1975ರಲ್ಲಿ, ಈ ಆಟದ ಪಿತಾಮಹ ಎನಿಸಿದ ಎಡ್ ಹೆಡ್ರಿಕ್ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕಾಯಂ ಕೋರ್ಸ್ ಮಾಡಿದಾಗ ಗುರಿಗೆ ಬರೀ ಕಂಬಗಳಿದ್ದವು. ಡಿಸ್ಕ್ ತಾಗಿತೋ ಇಲ್ಲವೋ ಎಂಬ ಮಾತು ಮುಗಿಯುತ್ತಲೇ ಇರಲಿಲ್ಲ. ಡಿಸ್ಕನ್ನು ತಡೆದು ಹಿಡಿಯುವ ಸರಪಳಿ ಬುಟ್ಟಿ ಬಂದದ್ದು ಆಮೇಲೆ.

ಕರಿಮೆಣಸಿನ ಬಳ್ಳಿ ಹಬ್ಬಿಸಿದ ಸಾಲು ಬೇಡ, ಬಳ್ಳಿ ಹರಿದೀತು. ಮದ್ದು ಬಿಟ್ಟ ದಿನ ತೋಟಕ್ಕೆ ಇಳಿಯಲೇಬೇಡಿ. ಬಿದ್ದ ಹಾಳೆಯ ಅಡಿಗೆ ಡಿಸ್ಕ್ ನುಗ್ಗಿದರೆ ಕೈ ಹಾಕದೆ ಕೋಲಿನಿಂದ ಸರಿಸಿ. ಮಳೆ ನಿಂತು ಕಣಿಯ ನೀರು ಇಳಿದ ಮೇಲೆ ಶುರು ಮಾಡಿ, ದೀಪಾವಳಿ ಕಳೆದ ಮೇಲೆ ಎಷ್ಟು ಮರ ದಾಟಿತೆಂದು ಬರೆಯಿರಿ. ನಾನು ಕಾಯುತ್ತೇನೆ.

ಪ್ರಶ್ನೆ: ಡಿಸ್ಕ್ ಪೊದೆಯೊಳಗೆ ಬಿದ್ದರೆ ಕೊಂಬೆ ಮುರಿದು ಜಾಗ ಮಾಡಿಕೊಳ್ಳಬಹುದಾ?
– ವಿದ್ಯಾರ್ಥಿ, ಮಣಿಪಾಲ

ಉತ್ತರ: ಖಂಡಿತ ಬೇಡ. ನಿಯಮವೂ ಒಪ್ಪುವುದಿಲ್ಲ. ಡಿಸ್ಕ್ ಬಿದ್ದಲ್ಲಿ ಗುರುತಿಟ್ಟು, ಅದರ ಹಿಂದೆ 20 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದದ ಜಾಗದಲ್ಲಿ ಕಾಲಿಟ್ಟು ಎಸೆಯಬೇಕು. ಅಲ್ಲಿ ಉದುರಿ ಬಿದ್ದ ಎಲೆ, ಕಡ್ಡಿ ಸರಿಸಬಹುದು. ಬೆಳೆಯುತ್ತಿರುವ ಕೊಂಬೆಗೆ ಕೈ ಹಚ್ಚುವಂತಿಲ್ಲ. ಈ ಆಟದಲ್ಲಿ ನನಗೆ ತುಂಬ ಇಷ್ಟವಾದದ್ದೇ ಇದು. ಮುಂದೆ ದಾರಿ ಕಾಣದಿದ್ದರೆ ಒಂದು ಎಸೆತ ಹೋದರೂ ಪರವಾಗಿಲ್ಲ, ಪಕ್ಕದ ಬಯಲಿಗೆ ಹಾಕಿಕೊಳ್ಳಿ. ಹುಡುಕಲು ಮೂರೇ ನಿಮಿಷ ಕೊಡುತ್ತಾರೆ, ಆದ್ದರಿಂದ ಹಸಿರು, ಕಂದು ಬಣ್ಣದ ಡಿಸ್ಕ್ ಕೊಳ್ಳಬೇಡಿ. ಗುಲಾಬಿ ಬಣ್ಣ ದೂರದಿಂದಲೇ ಕಾಣುತ್ತದೆ.

ಪ್ರಶ್ನೆ: ಹತ್ತು ವರ್ಷದ ಮಗಳಿಗೆ ಕದ್ರಿ ಪಾರ್ಕಿನಲ್ಲಿ ಇದನ್ನು ಕಲಿಸಬಹುದಾ ಟೀಚರ್?
– ತಾಯಿ, ಮಂಗಳೂರು

ಉತ್ತರ: ಅಲ್ಲಿ ಬೇಡಮ್ಮ. ವಾಕಿಂಗಿಗೆ ಬರುವವರು ಜಾಸ್ತಿ. ಇದು ಸುಮ್ನೆ ಆಡುವ ಫ್ರಿಸ್ಬಿಯಷ್ಟು ಮೆತ್ತಗಿರುವುದಿಲ್ಲ, ಅಂಚು ಗಟ್ಟಿ. ತಲೆಗೆ ತಾಗಿದರೆ ಪೆಟ್ಟಾಗುತ್ತದೆ. ಮಗಳಿಗೆ 150 ಗ್ರಾಂ ಒಳಗಿನ ಪಟರ್ ಕೊಡಿಸಿ, ಬೆಳಿಗ್ಗೆ ಬೇಗ ತಣ್ಣೀರುಬಾವಿ ಬೀಚಿಗೆ ಕರೆದುಕೊಂಡು ಹೋಗಿ. ಎದುರು ಯಾರೂ ಇಲ್ಲ ಎಂದು ನೋಡಿ ನೀವು ಕೈ ಎತ್ತಿದ ಮೇಲೆಯೇ ಅವಳು ಎಸೆಯಲಿ. ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಿಸಿ, ಹೆಚ್ಚಿನ ಡಿಸ್ಕ್‌ಗಳು ನೀರಿನಲ್ಲಿ ಮುಳುಗುತ್ತವೆ.