ಓದುಗರ ಪ್ರಶ್ನೆ: ಮೊಬೈಲಿಗೆ ಬಂದ ಯೋಜನೆಯ ಲೆಕ್ಕ ನಂಬಬಹುದೇ?

ಪ್ರಶ್ನೆ: ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದುತ್ತಿದ್ದೇನೆ. 2025–26ರ ಬಜೆಟ್‌ನಲ್ಲಿ ಗ್ರಾಮೀಣ ಮನೆಗಳಿಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ ಅನುದಾನ ಮೂರು ಪಟ್ಟು ಏರಿದೆ ಎಂದು ಒಂದು ಟೆಲಿಗ್ರಾಂ ಚಾನೆಲ್ ಹೇಳಿದರೆ, ಅನುದಾನಕ್ಕೆ ಕತ್ತರಿ ಬಿದ್ದಿದೆ ಎಂದು ಒಂದು ರೀಲ್‌ನಲ್ಲಿತ್ತು. ಯಾವುದನ್ನು ಬರೆದುಕೊಳ್ಳಲಿ?
— ಪದವೀಧರೆ, ಸಿಂಧನೂರು

ಉತ್ತರ: ಎರಡೂ ಒಂದೇ ಸಾಲಿನಿಂದ ಎತ್ತಿದ ಅಂಕಿಗಳು. ಕೇಂದ್ರ ಬಜೆಟ್ ಜಾಲತಾಣದಲ್ಲಿ 2025–26ರ ‘ಬಜೆಟ್ ಅಟ್ ಎ ಗ್ಲಾನ್ಸ್’ ತೆರೆದು ಪ್ರಮುಖ ಯೋಜನೆಗಳ ಪಟ್ಟಿಗೆ ಹೋಗಿ. ಪ್ರತಿ ಯೋಜನೆಯ ಎದುರು ನಾಲ್ಕು ಕಾಲಂಗಳಿವೆ: 2023–24ರ ವಾಸ್ತವ ವೆಚ್ಚ, 2024–25ರ ಬಜೆಟ್ ಅಂದಾಜು, ಅದೇ ವರ್ಷದ ಪರಿಷ್ಕೃತ ಅಂದಾಜು (ವರ್ಷದ ಕೊನೆಯ ಹೊತ್ತಿಗೆ ತಿದ್ದಿದ ಲೆಕ್ಕ), 2025–26ರ ಬಜೆಟ್ ಅಂದಾಜು. ಜಲ ಜೀವನ್ ಸಾಲಿನಲ್ಲಿ ಕೊನೆಯ ಮೂರು ಅಂಕಿಗಳು 70,163 ಕೋಟಿ, 22,694 ಕೋಟಿ, 67,000 ಕೋಟಿ. 22,694ಕ್ಕೆ ಹೋಲಿಸಿದವರಿಗೆ ಮೂರು ಪಟ್ಟು ಕಂಡಿತು. 70,163ಕ್ಕೆ ಹೋಲಿಸಿದವರಿಗೆ 3,163 ಕೋಟಿ ಕಡಿತ ಕಂಡಿತು.

ಸ್ಕ್ರೀನ್‌ಶಾಟ್ ತೆಗೆಯುವಾಗ ಮೇಲಿನ ಕಾಲಂ ಶೀರ್ಷಿಕೆ ಕತ್ತರಿಸಿ ಹೋಗುವುದೇ ಈ ಗೊಂದಲದ ಮೂಲ. ಶೀರ್ಷಿಕೆಯಿಲ್ಲದ ಅಂಕಿಯನ್ನು ನೋಟ್ಸ್‌ಗೆ ಇಳಿಸಲೇಬೇಡಿ. ಮೂರೂ ಅಂಕಿಗಳನ್ನು ವರ್ಷ, ಅಂದಾಜಿನ ಹೆಸರಿನೊಂದಿಗೆ ಬರೆದುಕೊಳ್ಳಿ. ನಮಗೆ ಇವುಗಳಲ್ಲಿ ಮುಖ್ಯವೆನಿಸುವುದು ನಡುವಿನದು: 70 ಸಾವಿರ ಕೋಟಿ ಎಂದುಕೊಂಡಿದ್ದು ವರ್ಷದ ಕೊನೆಗೆ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದಿದೆ. ಪ್ರಬಂಧದ ಪತ್ರಿಕೆಯಲ್ಲಿ ಚರ್ಚಿಸಬೇಕಾದ ವಿಷಯ ಇದೇ, ರೀಲ್‌ಗಳಲ್ಲಿ ಮಾತ್ರ ಅದು ಸಿಗುವುದಿಲ್ಲ. ಆ ವರ್ಷ ನಿಜಕ್ಕೂ ಖರ್ಚಾದದ್ದೆಷ್ಟು ಎಂಬುದು ಎರಡು ವರ್ಷ ತಡವಾಗಿ, 2026–27ರ ಬಜೆಟ್ ಕಡತದಲ್ಲಿ ಬರುತ್ತದೆ.

ಯೂಟ್ಯೂಬ್ ಪಾಠಗಳಲ್ಲಿ ಗುರಿಯ ವರ್ಷವನ್ನೂ ಗಮನಿಸಿ. 2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾದಾಗ ಪ್ರತಿ ಗ್ರಾಮೀಣ ಮನೆಗೆ ನಲ್ಲಿ ನೀರು ಕೊಡುವ ಗಡುವು 2024 ಆಗಿತ್ತು. 2025ರ ಫೆಬ್ರವರಿ 1ರ ಬಜೆಟ್ ಭಾಷಣದಲ್ಲಿ ಅದನ್ನು 2028ಕ್ಕೆ ವಿಸ್ತರಿಸಲಾಯಿತು. ಇನ್ನೂ 2024 ಎನ್ನುವ ವಿಡಿಯೊಗೆ ಹೊಸ ಥಂಬ್‌ನೇಲ್ ಇದ್ದರೂ ಒಳಗಿರುವುದು ಹಳೆಯ ಪಾಠ.

ಪ್ರಶ್ನೆ: ನಮ್ಮ ವಾಟ್ಸ್ಯಾಪ್ ಗುಂಪಿನ ಪಿಡಿಎಫ್‌ನಲ್ಲಿ 13ನೇ ಪಂಚವಾರ್ಷಿಕ ಯೋಜನೆ 2017–22 ಎಂದಿದೆ. ಸರಿಯೇ?
— ಬಿ.ಎ. ವಿದ್ಯಾರ್ಥಿ, ಹಾವೇರಿ

ಉತ್ತರ: ಅಂಥ ಯೋಜನೆಯೇ ಇಲ್ಲ. 2012–17ರ 12ನೆಯದೇ ಕೊನೆಯದು. ಈ ಯೋಜನೆಗಳನ್ನು ರೂಪಿಸುತ್ತಿದ್ದ ಯೋಜನಾ ಆಯೋಗದ ಜಾಗಕ್ಕೆ 2015ರ ಜನವರಿ 1ರಂದು ನೀತಿ ಆಯೋಗ ಬಂತು. ಅದಕ್ಕೆ ರಾಜ್ಯಗಳಿಗೆ ಹಣ ಹಂಚುವ ಅಧಿಕಾರವಿಲ್ಲ. ಈ ಒಂದು ವಾಕ್ಯವೂ ನಿಮ್ಮ ಪಿಡಿಎಫ್‌ನಲ್ಲಿ ತಪ್ಪಾಗಿದ್ದರೆ ಇಡೀ ಕಡತವನ್ನೇ ಅಳಿಸಿಬಿಡಿ.

ಪ್ರಶ್ನೆ: ವಿದ್ಯಾರ್ಥಿಗಳಿಗಾಗಿ ಗುಂಪು ಮಾಡಿದ್ದೇನೆ, ಫಾರ್ವರ್ಡ್‌ಗಳೇ ತುಂಬಿವೆ. ಏನು ಮಾಡಲಿ?
— ಅರ್ಥಶಾಸ್ತ್ರ ಉಪನ್ಯಾಸಕರು, ಯಾದಗಿರಿ

ಉತ್ತರ: ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಸೆಟ್ಟಿಂಗ್ ಬದಲಿಸಿ, ವಾರಕ್ಕೆ ಇಬ್ಬರು ವಿದ್ಯಾರ್ಥಿಗಳನ್ನು ಸರದಿಯಂತೆ ಅಡ್ಮಿನ್ ಮಾಡಿ. ಪ್ರತಿ ಪೋಸ್ಟ್‌ನಲ್ಲೂ ಕಡತದ ಹೆಸರು, ವರ್ಷ, ಪುಟಸಂಖ್ಯೆ ಇರಲಿ. ಜೋಡಿ ಬಾಣದ ಗುರುತಿರುವ, ಅಂದರೆ ಹಲವು ಬಾರಿ ಫಾರ್ವರ್ಡ್ ಆದ ಸಂದೇಶ ಬೇಡ. ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಾರ್ಯಾಲಯದ (ಪಿಐಬಿ) ಪ್ರಕಟಣೆಗಳು ಕನ್ನಡದಲ್ಲೂ ಸಿಗುತ್ತವೆ. ಚಿತ್ರದ ಬದಲು ಲಿಂಕನ್ನೇ ಹಾಕಿಸಿ, ದಿನಾಂಕ ಅದರಲ್ಲೇ ಇರುತ್ತದೆ. ನಿಮ್ಮ ಜಿಲ್ಲೆ, ಹಿಂದುಳಿದ ಜಿಲ್ಲೆಗಳ ಅಭಿವೃದ್ಧಿಗಾಗಿ ಕೇಂದ್ರ 2018ರಲ್ಲಿ ಶುರು ಮಾಡಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿದೆ, ಪಕ್ಕದ ರಾಯಚೂರೂ ಇದೆ. ಮೊದಲ ವಾರ ಅಲ್ಲಿಂದಲೇ ಆರಂಭಿಸಿ: ಆರೋಗ್ಯ ಅಥವಾ ಶಿಕ್ಷಣದ ಒಂದೇ ಸೂಚಕ ತೆಗೆದುಕೊಂಡು, ಪೋಸ್ಟ್‌ನಲ್ಲಿರುವ ಅಂಕಿ ಮೂಲ ಕಡತದಲ್ಲಿ ಎಲ್ಲಿದೆ ಎಂದು ಮಕ್ಕಳಿಂದಲೇ ಹುಡುಕಿಸಿ.