ಟೈಗ್ ಅನ್ನೋ ಹೆಸರು ಬೇಡ ಅಂದವರು ಯಾರು?

ಮಗುವಿನ ಹೆಸರಿಗೋಸ್ಕರ ಗಂಡ ಹೆಂಡತಿ ಆಪ್ತಸಲಹೆಗೆ ಬರ್ತಾರಾ ಅಂತ ಊರಿನ ಕಡೆಯವರು ನಗುತ್ತಾರೆ. ಬರುತ್ತಾರೆ. ನಾನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ದಂಪತಿಗಳ ಜೊತೆ ಕೆಲಸ ಮಾಡುವವಳು. ಇಲ್ಲಿ ಐರಿಶ್ ಮೂಲದ ಮನೆಗಳು ಜಾಸ್ತಿ. ಒಬ್ಬರು ಐರ್ಲೆಂಡಿನಲ್ಲಿ ಬೆಳೆದವರು, ಇನ್ನೊಬ್ಬರು ಇಲ್ಲೇ ಹುಟ್ಟಿದವರು, ಹೊಟ್ಟೆಯಲ್ಲಿ ಮಗು, ಹೆಸರಿನ ವಿಷಯಕ್ಕೆ ಮಾತು ಬಿಟ್ಟಿದ್ದಾರೆ. ಇಂಥವರು ಮತ್ತೆ ಮತ್ತೆ ಬರುತ್ತಾರೆ. ಅದಕ್ಕೇ ಒಂದು ಪ್ರಕರಣ ಬರೆಯೋಣ ಅನ್ನಿಸಿತು.

ಅವರನ್ನು ಊನಾ ಮತ್ತು ಪಾಲ್ ಅಂತ ಕರೆಯುತ್ತೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಾಯಿಸಿದ್ದೇನೆ. ಮಗುವಿನ ಹೆಸರು ಮಾತ್ರ ಅದೇ ಇದೆ. ಅದನ್ನು ಬದಲಾಯಿಸಿದರೆ ಹೇಳುವುದಕ್ಕೇನೂ ಉಳಿಯಲ್ಲ. ಆ ಹೆಸರಿನ ಹುಡುಗರು ಐರ್ಲೆಂಡಿನಲ್ಲಿ ಬೇಕಾದಷ್ಟಿದ್ದಾರೆ, ಇವರಿಬ್ಬರ ಒಪ್ಪಿಗೆಯೂ ಇದೆ.

ಊನಾ ಕೆರಿ ಕೌಂಟಿಯವರು. ಡಿಂಗಲ್ ಪರ್ಯಾಯದ್ವೀಪದ ಪಶ್ಚಿಮದ ತುದಿ, ಇವತ್ತಿಗೂ ಐರಿಶ್ ಮನೆಮಾತಾಗಿ ಉಳಿದಿರುವ ಕಡೆ. ಪಾಲ್ ಬರ್ಮಿಂಗ್‌ಹ್ಯಾಮ್‌ನಲ್ಲೇ ಹುಟ್ಟಿದವರು. ಅವರ ಅಪ್ಪ ಅಮ್ಮ 1960ರ ದಶಕದಲ್ಲಿ ಉತ್ತರ ಐರ್ಲೆಂಡಿನ ಟೈರೋನ್ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರು. ಸ್ಕ್ಯಾನ್‌ನಲ್ಲಿ ಗಂಡುಮಗು ಅಂತ ಗೊತ್ತಾಗಿತ್ತು. ಊನಾಗೆ ತನ್ನ ಅಜ್ಜನ ಹೆಸರು ಇಡಬೇಕು. ಟಿ, ಎ, ಡಿ, ಎಚ್, ಜಿ ಅಂತ ಬರೆಯುತ್ತಾರೆ. ಓದುವುದು ಟೈಗ್. ಟೈಗರ್ ಅನ್ನಲು ಹೋಗಿ ಕೊನೆಯ ಅಕ್ಷರ ನುಂಗಿಕೊಂಡರೆ ಆಯಿತು.

ಐರಿಶ್ ಸ್ಪೆಲ್ಲಿಂಗ್ ಅಂದರೆ ಇಂಗ್ಲಿಷರಿಗೆ ನಗು. ಹಳೆಯ ಐರಿಶ್ ವರ್ಣಮಾಲೆಯಲ್ಲಿ ಇರುವುದು 18 ಅಕ್ಷರ. ಅದರಲ್ಲಿ ವಿ ಇಲ್ಲ, ಆ ಸದ್ದು ಬೇಕಾದರೆ ಬಿ-ಎಚ್ ಅಥವಾ ಎಮ್-ಎಚ್ ಬರೆಯುತ್ತಾರೆ. ಶಿವಾನ್ ಅನ್ನುವ ಹೆಣ್ಣಿನ ಹೆಸರಿದೆ, ಕೇಳಿದರೆ ನಮ್ಮವರು ಶಿವಭಕ್ತರ ಮನೆಯ ಹುಡುಗಿ ಅಂದುಕೊಳ್ಳುತ್ತಾರೆ. ಬರೆಯುವಾಗ ಅದರಲ್ಲಿ ವಿ ಎಲ್ಲೂ ಇಲ್ಲ. ಅವರ ನಿಯಮ ಅವರಿಗೆ ಸರಿಯಾಗೇ ಇದೆ.

ಪಾಲ್ ಮೊದಲ ದಿನ ಫೋನಿನಲ್ಲಿ ಒಂದು ಪಟ್ಟಿಯನ್ನೇ ತಂದಿದ್ದರು. ಹೊಸ ಟೀಚರ್ ಬಂದಾಗಲೆಲ್ಲ ಹಾಜರಿಯಲ್ಲಿ ಮಗ ತಲೆ ತಗ್ಗಿಸಬೇಕು. ಡಾಕ್ಟರ ರಿಸೆಪ್ಷನ್‌ನಲ್ಲಿ ಎರಡೆರಡು ಸಲ ಹೇಳಬೇಕು. ನಾಳೆ ಕೆಲಸಕ್ಕೆ ಅರ್ಜಿ ಹಾಕಿದರೆ ಓದೋಕೆ ಬರದ ಹೆಸರನ್ನು ಪಕ್ಕಕ್ಕಿಡುತ್ತಾರೆ. ಎಲ್ಲ ನ್ಯಾಯವಾದ ಮಾತೇ. ನಮ್ಮ ಕನ್ನಡದ ಅಪ್ಪ ಅಮ್ಮಂದಿರ ಬಾಯಲ್ಲೂ ಇದನ್ನೇ ಕೇಳಿದ್ದೇನೆ. ಆದರೆ ಒಂದು ವಿಷಯ ನನಗೆ ಕೊರೆಯುತ್ತಿತ್ತು. ಪಾಲ್ ಅನ್ನುವ ಹೆಸರಿನ ಈ ಮನುಷ್ಯನ ಹೆಸರನ್ನು ಜೀವಮಾನದಲ್ಲಿ ಯಾರೂ ತಪ್ಪಾಗಿ ಓದಿರಲಿಕ್ಕಿಲ್ಲ. ಅನುಭವಿಸದ ಕಷ್ಟವನ್ನು ಇಷ್ಟು ಚೆನ್ನಾಗಿ ವಿವರಿಸುತ್ತಿದ್ದಾರಲ್ಲ, ಎಲ್ಲಿಂದ ಬಂತು ಇದು?

"ನಿಮಗೆ ಪಾಲ್ ಅಂತ ಯಾಕೆ ಇಟ್ಟರು?" ಅಂತ ಕೇಳಿದೆ. ಗೊತ್ತಿಲ್ಲ ಅಂದರು. ಅಣ್ಣನ ಹೆಸರೇನು? ಎಡ್ಡಿ. ಸ್ವಲ್ಪ ತಡೆದು, "ಬರ್ತ್ ಸರ್ಟಿಫಿಕೇಟ್‌ನಲ್ಲಿ ಎಮನ್ ಅಂತ ಐರಿಶ್ ಹೆಸರಿದೆ, ಆದರೆ ಯಾರೂ ಹಾಗೆ ಕರೆಯಲ್ಲ" ಅಂದರು. ಯಾಕೆ ಅಂದೆ. ಅದೂ ಗೊತ್ತಿರಲಿಲ್ಲ. ಮುಂದಿನ ಭೇಟಿಗೆ ಮುಂಚೆ ಅಪ್ಪನನ್ನು ಕೇಳಿಕೊಂಡು ಬನ್ನಿ ಅಂತ ಕಳಿಸಿದೆ. ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು.

ಮುಂದಿನ ಸಲ ಬಂದಾಗ ಫೋನ್ ಜೇಬಿನಿಂದ ಹೊರಗೆ ಬರಲಿಲ್ಲ. ಕೂತವರೇ ಶುರು ಮಾಡಿದರು.

1974ರ ನವೆಂಬರ್ 21ರ ರಾತ್ರಿ ಬರ್ಮಿಂಗ್‌ಹ್ಯಾಮ್‌ನ ಎರಡು ಪಬ್‌ಗಳಲ್ಲಿ ಬಾಂಬ್ ಸಿಡಿದು 21 ಜನ ಸತ್ತರು. ಉತ್ತರ ಐರ್ಲೆಂಡಿನಿಂದ ಬ್ರಿಟಿಷರನ್ನು ಓಡಿಸಲು ಆಯುಧ ಹಿಡಿದಿದ್ದ ಐರಿಶ್ ಸಂಘಟನೆ ಐಆರ್‌ಎ ಇಟ್ಟ ಬಾಂಬು ಅಂತ ಊರಿನ ಸಿಟ್ಟೆಲ್ಲ ಕಂಡಕಂಡ ಐರಿಶರ ಮೇಲೆ ತಿರುಗಿತು. ಆರು ಜನ ಮಾಡದ ತಪ್ಪಿಗೆ ಜೈಲು ಸೇರಿ 1991ರವರೆಗೆ ಒಳಗೇ ಇದ್ದರು. ಐರಿಶರ ಸೇಂಟ್ ಪ್ಯಾಟ್ರಿಕ್ ಹಬ್ಬದ ಮೆರವಣಿಗೆ ನಿಂತುಹೋಯಿತು. ಅದು ಮತ್ತೆ ಬೀದಿಗೆ ಬಂದದ್ದು 1996ರಲ್ಲಿ. ಇಷ್ಟು ಈ ಊರಿನಲ್ಲಿ ಎಲ್ಲರಿಗೂ ಗೊತ್ತು, ಪಾಲ್‌ಗೂ ಗೊತ್ತಿತ್ತು. ಗೊತ್ತಿಲ್ಲದ್ದು ಅವರ ಮನೆಯ ಕಥೆ.

ಪಾಲ್ ಆಗ ಇನ್ನೂ ಹುಟ್ಟಿರಲಿಲ್ಲ. ಎಮನ್‌ಗೆ ಮೂರು ವರ್ಷ. ಆ ವಾರದಿಂದ ಅವರಮ್ಮ ಅಂಗಡಿಯಲ್ಲಿ ಬಾಯಿ ಬಿಡುತ್ತಿರಲಿಲ್ಲವಂತೆ. ಮಾತಾಡಿದರೆ ಟೈರೋನ್‌ನವಳು ಅಂತ ಗೊತ್ತಾಗುತ್ತೆ. ಬೇಕಾದ ಸಾಮಾನನ್ನು ಬೆರಳಲ್ಲಿ ತೋರಿಸಿ, ಕೌಂಟರ್ ಮೇಲೆ ದುಡ್ಡಿಟ್ಟು, ಬ್ಯಾಗಿಗೆ ಹಾಕಿಕೊಂಡು ಬಂದುಬಿಡುತ್ತಿದ್ದರು. ಒಂದು ದಿನ ಮಗ ಕೈಬಿಡಿಸಿಕೊಂಡು ರಸ್ತೆಗೆ ಓಡಿದ. "ಎಮನ್!" ಅಂತ ಕಿರುಚಿದರು. ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಾರೂ ಒಂದು ಮಾತಾಡಲಿಲ್ಲ. ಅವತ್ತು ಸಂಜೆಯಿಂದ ಅವನು ಎಡ್ಡಿ. ಎರಡನೆಯವನು ಹುಟ್ಟಿದಾಗ ಪಾಲ್ ಅಂತಲೇ ಇಟ್ಟರು.

ಅಪ್ಪ ಇನ್ನೂ ಒಂದು ಮಾತು ಹೇಳಿದ್ದರು. ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕರನ್ನು ಬೈಯುವ ಟೇಗ್ ಅನ್ನುವ ಪದ ಹುಟ್ಟಿದ್ದೇ ಟೈಗ್ ಅನ್ನುವ ಈ ಹೆಸರಿನಿಂದ. "ಗೋಡೆ ಮೇಲೆ ಬರೀತಿದ್ದರು. ಅದನ್ನ ಮೊಮ್ಮಗನ ಹಣೆಗೆ ಅಂಟಿಸ್ತೀಯಾ?" ಅಂದರಂತೆ.

ಊನಾ ಅಷ್ಟೂ ಹೊತ್ತು ಕೇಳಿಸಿಕೊಂಡರು. ಆಮೇಲೆ ಸಿಡಿದರು.

"ನನ್ನ ಅಜ್ಜನ ಹೆಸರು ನಿನಗೆ ನಾಚಿಕೆ."

"ನಾಚಿಕೆ ಅಂತ ಯಾರಂದ್ರು?"

"ಈಗ ಹೆದರೋಕೆ ಏನಿದೆ? ರಗ್ಬಿ ನೋಡೋ ಪ್ರತಿ ಇಂಗ್ಲಿಷ್‌ನವನಿಗೂ ಟೈಗ್ ಫರ್ಲಾಂಗ್ ಗೊತ್ತು. ಟಿವಿಯಲ್ಲಿ ಸರಿಯಾಗೇ ಹೇಳ್ತಾರೆ."

"ಹೇಳೋಕೆ ನನಗೂ ಬರುತ್ತೆ. ಪಾರ್ಕಿನಲ್ಲಿ ಎಲ್ಲರೆದುರು ಜೋರಾಗಿ ಕೂಗಬೇಕಲ್ಲ, ಅದು ಆಗಲ್ಲ ನನ್ನ ಕೈಲಿ."

ಅಲ್ಲಿಗೆ ಸ್ಪೆಲ್ಲಿಂಗಿನ ವಾದ ಮುಗಿಯಿತು. ಟೀಚರೂ ಇಲ್ಲ, ರಿಸೆಪ್ಷನೂ ಇಲ್ಲ. ಅಮ್ಮನ ಬಾಯಿಗೆ ಬಿದ್ದ ಬೀಗವನ್ನು ಮಗ ನಲವತ್ತು ವರ್ಷ ಜೇಬಲ್ಲಿಟ್ಟುಕೊಂಡು ತಿರುಗಿದ್ದ.

ಊನಾ ಕಡೆಗೂ ಒಂದು ಕಥೆ ಇತ್ತು, ಅದನ್ನು ಅವರು ಆ ದಿನವೇ ಹೇಳಿದರು. ಅವರ ಅಜ್ಜ ಮನೆಯಲ್ಲಿ ಟೈಗ್, ಕಾಗದದಲ್ಲಿ ತಿಮೊತಿ. ಇದು ಅವರೊಬ್ಬರ ಪಾಡಲ್ಲ. ಐರ್ಲೆಂಡ್ ಬ್ರಿಟಿಷರ ಕೈಯಲ್ಲಿದ್ದಾಗ, 1831ರಲ್ಲಿ ಶುರುವಾದ ಸರ್ಕಾರಿ ಶಾಲೆಗಳಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಟೈಗ್ ತಿಮೊತಿ ಆದ, ಡಿಯರ್ಮಿದ್ ಜೆರೆಮಾಯಾ ಆದ, ಗೊಬ್ನೆತ್ ಅಬಿಗೇಲ್ ಆದಳು. ಸದ್ದಿಗೂ ಸಂಬಂಧ ಇಲ್ಲ, ಅರ್ಥಕ್ಕೂ ಇಲ್ಲ. 1905ರಲ್ಲಿ ಡೊನೆಗಾಲ್‌ನ ನೀಯಲ್ ಮ್ಯಾಕ್ ಗಿಲ್ಲ ವ್ರೀಡ ಎಂಬುವರು ತಮ್ಮ ಗಾಡಿಯ ಮೇಲೆ ಐರಿಶ್‌ನಲ್ಲಿ ಹೆಸರು ಬರೆಸಿದ್ದಕ್ಕೆ, ಓದಲು ಬರುವ ಅಕ್ಷರದಲ್ಲಿ ಬರೆದಿಲ್ಲ ಅಂತ ಕೇಸು ಬಿತ್ತು. ಅವರ ಪರ ವಾದಿಸಿದ ವಕೀಲ ಪ್ಯಾಟ್ರಿಕ್ ಪಿಯರ್ಸ್, ಮುಂದೆ 1916ರ ಈಸ್ಟರ್ ದಂಗೆಯ ಮುಂದಾಳಾಗಿ ಬ್ರಿಟಿಷರ ಗುಂಡಿಗೆ ಬಲಿಯಾದವರು. ಕೇಸು ಸೋತರು. ಇಂಥ ಹಿನ್ನೆಲೆಯವರಿಗೆ "ಸ್ವಲ್ಪ ಸುಲಭದ ಹೆಸರು ನೋಡಿ" ಅನ್ನುವುದು ಹಗುರ ಮಾತಾಗಲ್ಲ, ಅಲ್ವಾ?

ಈಗ ನಾನು ಕೊಟ್ಟ ಸಲಹೆ. ನನ್ನ ಸೂಪರ್‌ವೈಸರ್‌ಗೆ ಇದು ಹಿಡಿಸಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೆಸರಿನ ವಿಷಯದಲ್ಲಿ ಸಲಹೆಗಾರರು ಪಕ್ಷ ವಹಿಸಬಾರದು ಅಂದರು. ನಾನು ಯಾವ ಹೆಸರು ಇಡಿ ಅಂತ ಹೇಳಲಿಲ್ಲ. ಆದರೆ ಹೇಗೆ ಇಡಬಾರದು ಅಂತ ಖಂಡಿತ ಹೇಳಿದೆ.

ಇಬ್ಬರೂ ಆಗಲೇ ಒಂದು ರಾಜಿಯ ಹತ್ತಿರ ಬಂದಿದ್ದರು. ಹೆಸರು ಟೈಗ್, ಸ್ಪೆಲ್ಲಿಂಗ್ ಮಾತ್ರ ಇಂಗ್ಲಿಷರಿಗೆ ಓದಲು ಬರುವಂತೆ ಟಿ, ವೈ, ಜಿ, ಇ. ಬೇಡ ಅಂದೆ. ಹಾಗೆ ಬರೆದರೆ ಕೆರಿಯಲ್ಲಿ ನಗುತ್ತಾರೆ, ಇಲ್ಲಿ ಆಗಲೂ "ಇದೆಲ್ಲಿಯ ಹೆಸರು" ಅಂತ ಕೇಳುತ್ತಾರೆ. ಐರಿಶ್ ವರ್ಣಮಾಲೆಯಲ್ಲಿ ವೈ ಅಕ್ಷರವೇ ಇರಲಿಲ್ಲ. ಇಟ್ಟರೆ ಸರಿಯಾಗಿ ಇಡಿ, ಇಲ್ಲದಿದ್ದರೆ ಜಾನ್ ಅಂತ ಇಟ್ಟು ನೆಮ್ಮದಿಯಾಗಿರಿ. ಎರಡೂ ಮರ್ಯಾದಸ್ಥ ಹೆಸರೇ.

ಗಡುವಿನ ಗಾಬರಿಯನ್ನೂ ಇಳಿಸಿದೆ. ಇಂಗ್ಲೆಂಡಿನಲ್ಲಿ ಮಗು ಹುಟ್ಟಿದ 42 ದಿನಗಳೊಳಗೆ ರಿಜಿಸ್ಟರ್ ಮಾಡಿಸಬೇಕು. ಆದರೆ ರಿಜಿಸ್ಟರ್ ಆದಮೇಲೂ 12 ತಿಂಗಳ ಒಳಗೆ ಮಗುವಿನ ಹೆಸರು ಬದಲಾಯಿಸಿಕೊಳ್ಳಬಹುದು, ಮನೆತನದ ಹೆಸರಿಗೆ ಮಾತ್ರ ಆ ಅವಕಾಶ ಇಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಬಾಣಂತನದಲ್ಲಿ ಕಿತ್ತಾಡುತ್ತಾರೆ.

ಪಾಲ್‌ಗೆ ಹೇಳಿದ್ದು ಇಷ್ಟು. ನಿಮಗೆ ಒಪ್ಪಿಗೆಯಾದರೆ ರಿಜಿಸ್ಟರ್ ಆಫೀಸಿಗೆ ನೀವೇ ಹೋಗಿ. ಮದುವೆಯಾದವರಲ್ಲಿ ಒಬ್ಬರು ಹೋದರೆ ಸಾಕು. ನರ್ಸರಿಯಲ್ಲಿ, ಡಾಕ್ಟರ ಹತ್ತಿರ ಮೊದಲ ವರ್ಷ ಹೆಸರು ಹೇಳುವ ಕೆಲಸ ನಿಮ್ಮದು. "ಟೈಗ್. ಟೈಗರ್ ಥರ, ಕೊನೆಯ ಅಕ್ಷರ ಬಿಟ್ಟು." ಇಷ್ಟೇ ಹೇಳಿ. ಸಾರಿ ಅನ್ನಬೇಡಿ, ಸ್ಪೆಲ್ಲಿಂಗಿಗೆ ನಗಬೇಡಿ. ಅಪ್ಪ ಅಮ್ಮ ಹೆಸರು ಹೇಳುವಾಗ ಮುಜುಗರಪಟ್ಟರೆ ಮಗು ಅದನ್ನು ಬೇಗ ಕಲಿಯುತ್ತೆ. ಟೀಚರ ತಪ್ಪನ್ನು ಮಕ್ಕಳು ತಾವೇ ತಿದ್ದುತ್ತಾರೆ, ಅದು ಅವರಿಗೆ ದೊಡ್ಡ ವಿಷಯವೇ ಅಲ್ಲ. ಇದು ನನ್ನ ಗಟ್ಟಿ ನಂಬಿಕೆ, ಅದಕ್ಕೇ ಸೂಪರ್‌ವೈಸರ್ ಮಾತು ಮೀರಿ ಹೇಳಿದೆ.

ಊನಾಗೆ ಹೇಳಿದ್ದು ಕಹಿಯಾಗಿತ್ತು. ಮಗ ಬರ್ಮಿಂಗ್‌ಹ್ಯಾಮ್ ಹುಡುಗನ ಹಾಗೆ ಮಾತಾಡುತ್ತಾನೆ, ಹೆಸರಾದರೂ ನನ್ನದಿರಲಿ ಅನ್ನುವುದು ಅವರ ಒಳಗಿನ ಸಂಕಟ. ಅವನ ಜೊತೆ ಐರಿಶ್ ಮಾತಾಡ್ತೀರಾ ಅಂತ ಕೇಳಿದೆ. ಇಲ್ಲಿ ಯಾರ ಜೊತೆ ಮಾತಾಡಲಿ, ಸುಮ್ನೆ ಕಷ್ಟ ಅಂದರು. ಹಾಗಾದರೆ ನಿಮಗೆ ಆಗದ ಕೆಲಸವನ್ನು ಐದು ಅಕ್ಷರದ ಮೇಲೆ ಹೊರಿಸಬೇಡಿ ಅಂದೆ. ದಿನಕ್ಕೆ ಅರ್ಧ ಗಂಟೆ ಮಾತಾಡಿ, ಬೇಸಿಗೆಯಲ್ಲಿ ಕೆರಿಗೆ ಕರೆದುಕೊಂಡು ಹೋಗಿ. ಅವರು ಮುಖ ಗಂಟು ಹಾಕಿಕೊಂಡೇ ಎದ್ದು ಹೋದರು.

ನಮ್ಮವರಿಗೂ ನಾನು ಇದನ್ನೇ ಹೇಳುವುದು. ಇಲ್ಲಿಯ ಕನ್ನಡದ ಮನೆಗಳಲ್ಲಿ ನೀಲ್, ಮಾಯಾ, ಆರ್ಯ ಜಾಸ್ತಿ. ಎರಡು ಕಡೆಯೂ ನಡೆಯುತ್ತೆ ಅಂತ ಇಡುತ್ತಾರೆ, ಒಳ್ಳೆಯ ಹೆಸರುಗಳೇ. ಆದರೆ ಅಜ್ಜಿಯ ಹೆಸರು ಇಡಬೇಕು ಅನ್ನುವ ಆಸೆ ಇದ್ದು, ಬಿಳಿಯರ ಬಾಯಿಗೆ ಹೆದರಿ ಕೈಬಿಟ್ಟವರು ಆಮೇಲೆ ಗಂಡನ ಮೇಲೋ ಅತ್ತೆಯ ಮೇಲೋ ಕಾರಣ ಹಾಕುತ್ತಾರೆ. ಹೆಸರು ಇಡುವ ಮುಂಚೆ, ಬೇಡ ಅನ್ನುತ್ತಿರುವುದು ನಿಜವಾಗಿ ಯಾರು ಅಂತ ಕೇಳಿಕೊಳ್ಳಿ. ಕೆಫೆಯಲ್ಲಿ ಕಾಫಿ ಹೇಳುವಾಗ ಬೇರೆ ಹೆಸರು ಕೊಟ್ಟರೆ ತಪ್ಪಾ ಅಂತಲೂ ಕೇಳುತ್ತಾರೆ. ಕೊಡಿ, ಅಲ್ಲಿ ಬೇಕಾಗಿರುವುದು ಕಾಫಿ.

ಮಗುವನ್ನು ಟೈಗ್ ಅಂತಲೇ ರಿಜಿಸ್ಟರ್ ಮಾಡಿಸಿದರು, ಪಾಲ್ ಒಬ್ಬರೇ ಹೋಗಿ. ಅಮ್ಮ ಐರ್ಲೆಂಡಿನಲ್ಲಿ ಹುಟ್ಟಿದ್ದರಿಂದ ಮಗು ಹುಟ್ಟಿನಿಂದಲೇ ಐರಿಶ್ ಪ್ರಜೆ, ಅಲ್ಲಿನ ಪಾಸ್‌ಪೋರ್ಟಿಗೂ ಅರ್ಜಿ ಹಾಕಿದ್ದಾರೆ. ಪಾಲ್ ಅವರ ಅಪ್ಪ ಮಾತ್ರ ಇನ್ನೂ ಆ ಹೆಸರು ಹಿಡಿದು ಕರೆಯಲ್ಲವಂತೆ, "ಪುಟ್ಟ ಯಜಮಾನ" ಅನ್ನುವ ಅರ್ಥದ ಏನೋ ಒಂದು ಕರೆಯುತ್ತಾರಂತೆ. ಊನಾಗೆ ಸಿಟ್ಟು. ಮಾವನಿಗೆ ಹೇಳಲೇಬೇಕು ಅಂತ ಇಮೇಲ್ ಬರೆದಿದ್ದರು. ಎಂಬತ್ತರ ಹತ್ತಿರದ ಮನುಷ್ಯ, ಅವರ ಪಾಡಿಗೆ ಬಿಡಿ, ಮಗುವಿಗೆ ಎರಡು ಹೆಸರಿದ್ದರೆ ನಷ್ಟವಿಲ್ಲ ಅಂತ ಉತ್ತರ ಬರೆದೆ.